ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಇದ್ರೆ ಹೇಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನನ್ನದೊಂದು ಚಿಕ್ಕ ಎಲೆಕ್ಟ್ರಿಕಲ್ ಅಂಗಡಿ ಇದೆ. ವೈರು, ಸ್ವಿಚ್ಚು, ಬಲ್ಬು, ಫ್ಯಾನಿನ ಕಂಡೆನ್ಸರ್, ಇಂಥವು. ಸಾಮಾನು ತಗೊಂಡು ಚಿಲ್ಲರೆ ಎಣಿಸುತ್ತಾ ಜನ ಕೇಳುವ ಮಾತು ಒಂದೇ: "ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಇದ್ರೆ ಹೇಳಿ ಸಾರ್." ಅದರ ಹಿಂದೆಯೇ ಉಳಿದ ಪ್ರಶ್ನೆಗಳೂ ಬರುತ್ತವೆ. ನಾನು ಐಟಿಐ ಮುಗಿಸಿ ಎಂಟು ವರ್ಷ ಏಣಿ ಹತ್ತಿ ವೈರಿಂಗ್ ಮಾಡಿ, ಆಮೇಲೆ ಕೌಂಟರ್ ಹಿಂದೆ ಕೂತವನು. ಹಾಗಾಗಿ ಮನೆಯವರ ಗೋಳೂ ಗೊತ್ತು, ಕೆಲಸದವರ ಗೋಳೂ ಗೊತ್ತು. ಕೌಂಟರ್‌ನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಒಳ್ಳೆ ಎಲೆಕ್ಟ್ರಿಷಿಯನ್‌ನ ಎಲ್ಲಿ ಹುಡುಕೋದು?

ಮೊದಲು ಪಕ್ಕದ ಮನೆಯಲ್ಲಿ ಕೇಳಿ. ಆಮೇಲೆ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಯಾರು ಏನು ಕೊಳ್ಳುತ್ತಾರೆ ಅನ್ನೋದು ಅಂಗಡಿಯವನಿಗೆ ಚೆನ್ನಾಗಿ ಗೊತ್ತಿರುತ್ತೆ. ವಾರಕ್ಕೆ ಹತ್ತು ಸುತ್ತು ಇನ್ಸುಲೇಷನ್ ಟೇಪ್ ಒಯ್ಯುವವನು ಒಂದು ಥರ, ವೈರ್ ಬಿಗಿಯಾಗಿ ಜೋಡಿಸುವ ಕನೆಕ್ಟರ್ ಮತ್ತು ಲಗ್ ಕೇಳಿ ತಗೊಳ್ಳುವವನು ಇನ್ನೊಂದು ಥರ. ನಾನು ಎರಡನೆಯವನ ನಂಬರ್ ಕೊಡುತ್ತೇನೆ.

ಆ್ಯಪ್‌ನಲ್ಲಿ ಬುಕ್ ಮಾಡಿದರೂ ತಪ್ಪೇನಿಲ್ಲ. ರೇಟ್ ಮೊದಲೇ ಗೊತ್ತಾಗುತ್ತೆ. ಆದರೆ ಪ್ರತಿ ಸಲ ಬೇರೆ ಬೇರೆಯವರು ಬರುತ್ತಾರೆ. ನಿಮ್ಮ ಮನೆಯ ಜಂಕ್ಷನ್ ಬಾಕ್ಸ್ ಯಾವ ಗೋಡೆಯಲ್ಲಿ ಪ್ಲಾಸ್ಟರ್ ಅಡಿ ಮುಚ್ಚಿಹೋಗಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಮೂರು ಸಲ ಬಂದುಹೋದವನಿಗೆ ಗೊತ್ತಿರುತ್ತೆ.

ಇನ್ನೊಂದು ಮಾತು. ಹುಡುಕುವ ಕೆಲಸ ಏನೂ ಕೆಡದೆ ಇರುವಾಗಲೇ ಆಗಲಿ. ಬಾತ್‌ರೂಮಿಗೊಂದು ಎಕ್ಸಾಸ್ಟ್ ಫ್ಯಾನ್, ಬಾಲ್ಕನಿಗೊಂದು ಲೈಟು ಹಾಕಿಸುವ ನೆಪದಲ್ಲಿ ಒಬ್ಬರನ್ನು ಕರೆಸಿ ನೋಡಿ. ರಾತ್ರಿ ಹನ್ನೊಂದಕ್ಕೆ ಸ್ವಿಚ್ ಬೋರ್ಡ್‌ನಿಂದ ಹೊಗೆ ಬಂದಾಗ ಅಪರಿಚಿತರ ಫೋನಿಗೆ ಯಾರು ತಾನೇ ಎದ್ದು ಬರುತ್ತಾರೆ?

ಒಳ್ಳೆಯವರು ಅಂತ ಮೊದಲ ಸಲಕ್ಕೇ ಹೇಗೆ ಗೊತ್ತಾಗುತ್ತೆ?

ಕೈ ನೋಡಿ, ಬಾಯಿ ನೋಡಬೇಡಿ. ಬಂದವರು ನೇರ ಸ್ಕ್ರೂ ಬಿಚ್ಚಲು ಶುರು ಮಾಡಿದರೆ ನನಗೆ ಅಲ್ಲೇ ಅನುಮಾನ. ಒಳ್ಳೆಯವರು ಮೊದಲು ಕೇಳುತ್ತಾರೆ. ಯಾವಾಗಿಂದ ಹೀಗೆ? ಆಗ ಏನೇನು ಆನ್ ಇತ್ತು? ಮಳೆ ಬಂದಿತ್ತಾ? ಇತ್ತೀಚೆಗೆ ಗೋಡೆಗೆ ಮೊಳೆ ಹೊಡೆದಿರಾ? ಈ ಕೊನೇ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ "ಹೌದಲ್ವಾ, ಮೊನ್ನೆ ಫೋಟೋ ಹಾಕಿದ್ವಿ" ಅಂತ ಉತ್ತರ ಬಂದು ಅರ್ಧ ಕೆಲಸ ಮುಗಿದಿದ್ದುಂಟು.

ಆಮೇಲೆ ಮೇನ್ ಅಥವಾ ಆ ಲೈನಿನ ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್ಚು) ಆಫ್ ಮಾಡುತ್ತಾರೆ. ಆಫ್ ಆದ ಮೇಲೂ ಟೆಸ್ಟರ್ ಇಟ್ಟು ನೋಡುತ್ತಾರೆ. ನಿಜವಾಗಿ ಪಳಗಿದವರು ಇನ್ನೂ ಒಂದು ಹೆಜ್ಜೆ ಮುಂದೆ: ಕರೆಂಟ್ ಇರುವ ಜಾಗದಲ್ಲಿ ಮೊದಲು ಟೆಸ್ಟರ್ ಇಟ್ಟು ಅದು ಉರಿಯುತ್ತಾ ಅಂತ ನೋಡಿಕೊಂಡು, ನಂತರ ಕೆಲಸದ ಜಾಗಕ್ಕೆ ಇಡುತ್ತಾರೆ. ಟೆಸ್ಟರೇ ಕೆಟ್ಟಿದ್ದರೆ? ನನಗೆ ಕೆಲಸ ಕಲಿಸಿದವರು ಇದನ್ನು ಬೈದೇ ಕಲಿಸಿದ್ದು.

ಬ್ಯಾಗಿನಲ್ಲಿ ಮಲ್ಟಿಮೀಟರ್ ಇರಬೇಕು. ಬರೀ ಟೆಸ್ಟರ್ ಮತ್ತು ಕಟಿಂಗ್ ಪ್ಲೇಯರ್ ಹಿಡಿದು ಬಂದವರು ಬಲ್ಬ್ ಹೋಲ್ಡರ್ ಬದಲಾಯಿಸಬಹುದು, ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಹುಡುಕಲಾರರು. ಹಲ್ಲಿನಲ್ಲಿ ವೈರ್ ಸುಲಿಯುವವರ ಬಗ್ಗೆ ನಾನೇನೂ ಹೇಳುವುದಿಲ್ಲ. ನಾನೂ ಸುಲಿದಿದ್ದೇನೆ.

ಲೈಸೆನ್ಸ್ ಇರಲೇಬೇಕಾ?

ಸ್ವಿಚ್ಚು, ಫ್ಯಾನು, ಟ್ಯೂಬ್‌ಲೈಟ್ ರಿಪೇರಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಹೊಸ ಮನೆ ಕನೆಕ್ಷನ್, ಲೋಡ್ ಹೆಚ್ಚಿಸುವುದು, ಇಡೀ ಮನೆಯ ವೈರಿಂಗ್, ಇವಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕು. ಕರ್ನಾಟಕದಲ್ಲಿ ಗುತ್ತಿಗೆದಾರರ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮನ್ ಪರ್ಮಿಟ್ ಕೊಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ನಿಮ್ಮ ಮನೆಯಲ್ಲಿ ಗೋಡೆ ಕೊರೆಯುವ ಹುಡುಗನ ಹತ್ತಿರ ಪರ್ಮಿಟ್ ಇರಲಿಕ್ಕಿಲ್ಲ. ಅವನನ್ನು ಕಳಿಸಿದವರ ಹತ್ತಿರ ಇದೆಯಾ, ಅವರು ದಿನಕ್ಕೊಂದು ಸಲವಾದರೂ ಬಂದು ನೋಡುತ್ತಾರಾ, ಅದನ್ನು ಕೇಳಿ.

ಕರೆಂಟ್ ಹೋಗಿದೆ. ಕೆಇಬಿಗೆ ಫೋನ್ ಮಾಡಲೋ, ಎಲೆಕ್ಟ್ರಿಷಿಯನ್‌ಗೋ?

ಕೆಇಬಿ ಅನ್ನೋದು ಇಲ್ಲವಾಗಿ ಇಪ್ಪತ್ತೈದು ವರ್ಷ ದಾಟಿತು. 1999ರಲ್ಲೇ ಅದು ಕೆಪಿಟಿಸಿಎಲ್ ಆಯಿತು, ಆಮೇಲೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ನಮ್ಮ ಮೈಸೂರಿನ ಸೆಸ್ಕ್ ಅನ್ನೋ ಕಂಪನಿಗಳು ಬಂದವು. ಜನ ಮಾತ್ರ ಇನ್ನೂ "ಕೆಇಬಿಯವರು" ಅಂತಾರೆ. ನಾನೂ ಹಾಗೇ ಅನ್ನುತ್ತೇನೆ.

ಮೊದಲು ಕಿಟಕಿಯಿಂದ ಹೊರಗೆ ನೋಡಿ. ಪಕ್ಕದ ಮನೆಯಲ್ಲೂ, ಬೀದಿಯಲ್ಲೂ ಕತ್ತಲೆ ಇದ್ದರೆ ಅದು ಅವರ ಕೆಲಸ. 1912ಕ್ಕೆ ಫೋನ್ ಮಾಡಿ. ಬಿಲ್ಲಿನ ಮೇಲಿರುವ ಅಕೌಂಟ್ ಐಡಿ ಅಥವಾ ಆರ್‌ಆರ್ ನಂಬರ್ ಕೈಯಲ್ಲಿರಲಿ. ನಿಮ್ಮ ಮನೆಯಲ್ಲಿ ಮಾತ್ರ ಇಲ್ಲದಿದ್ದರೆ ಮೀಟರ್ ನೋಡಿ. ಮೀಟರ್‌ನ ಡಿಸ್‌ಪ್ಲೇಯೂ ಆರಿಹೋಗಿದ್ದರೆ ಕಂಬದಿಂದ ಮೀಟರ್‌ವರೆಗಿನ ತೊಂದರೆ ಇರಬೇಕು. ಅದಕ್ಕೂ 1912. ಮೀಟರ್ ಸರಿಯಾಗಿ ಉರಿಯುತ್ತಿದ್ದು ಮನೆಯೊಳಗೆ ಕರೆಂಟ್ ಇಲ್ಲ ಅಂದರೆ ಎಲೆಕ್ಟ್ರಿಷಿಯನ್‌ನ ಕರೆಸಿ.

ಮೀಟರ್‌ನ ಸೀಲ್ ಮುಟ್ಟುವಂತಿಲ್ಲ. "ನಾನೇ ಬಿಚ್ಚಿ ಸರಿ ಮಾಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅನ್ನುವವರನ್ನು ಟೀ ಕೊಟ್ಟು ವಾಪಸ್ ಕಳಿಸಿ. ಕಂಬ ಹತ್ತುತ್ತೇನೆ ಅನ್ನುವವರಿಗೆ ಟೀ ಕೂಡ ಬೇಡ.

ರಾತ್ರಿಯೇ ಕರೆಸಬೇಕಾದ್ದು ಯಾವುದು, ಬೆಳಿಗ್ಗೆವರೆಗೆ ಕಾಯಬಹುದಾದ್ದು ಯಾವುದು?

ಸುಟ್ಟ ವಾಸನೆ, ಬೋರ್ಡ್ ಒಳಗಿಂದ ಚಟಚಟ ಸದ್ದು, ಕೈ ಇಟ್ಟರೆ ಬಿಸಿಯಾದ ಸ್ವಿಚ್ಚು, ಗೋಡೆ ಅಥವಾ ನಲ್ಲಿ ಮುಟ್ಟಿದರೆ ಜುಮ್ ಅನ್ನುವುದು, ಮಳೆನೀರು ಸ್ವಿಚ್ ಬೋರ್ಡ್‌ನಿಂದ ಸೋರುವುದು: ಇವಕ್ಕೆ ಮೊದಲು ಮೇನ್ ಆಫ್, ಆಮೇಲೆ ಫೋನ್. ಮೇನ್ ಆಫ್ ಮಾಡಿದ ಮೇಲೆ ಎಷ್ಟೋ ಸಲ ಬೆಳಿಗ್ಗೆವರೆಗೆ ಕಾಯಬಹುದು. ಫ್ರಿಜ್ಜಿನ ಹಾಲು ಕೆಡಬಹುದು, ಅಷ್ಟೇ. ಮೇನ್ ಇರುವ ಬೋರ್ಡೇ ಒದ್ದೆಯಾಗಿದ್ದರೆ ಅಥವಾ ಅದರ ಹತ್ತಿರವೇ ನೀರಿದ್ದರೆ ಮೇನ್ ಕೂಡ ಮುಟ್ಟಬೇಡಿ, ಹೊರಗೆ ಬಂದು 1912ಕ್ಕೆ ಹೇಳಿ. ಬೆಂಕಿ ಹತ್ತಿದ್ದರೆ 112. ನೀರು ಮಾತ್ರ ಎರಚಬೇಡಿ.

ಒಂದು ರೂಮಿನ ಲೈಟು ಹೋಗಿರುವುದು, ಫ್ಯಾನ್ ನಿಧಾನ ತಿರುಗುವುದು, ಕಾಲಿಂಗ್ ಬೆಲ್ ಸದ್ದು ಮಾಡದಿರುವುದು ಎಮರ್ಜೆನ್ಸಿ ಅಲ್ಲ. ರಾತ್ರಿ ಕರೆಸಿದರೆ ದುಡ್ಡು ಜಾಸ್ತಿ, ಕತ್ತಲಲ್ಲಿ ಕೆಲಸವೂ ಅಷ್ಟಕ್ಕಷ್ಟೆ.

ಬಲ್ಬುಗಳು ಇದ್ದಕ್ಕಿದ್ದ ಹಾಗೆ ವಿಪರೀತ ಬೆಳಗುತ್ತಿವೆ. ಒಳ್ಳೇದೇ ಅಲ್ವಾ?

ಅಲ್ಲ. ಓಡಿಹೋಗಿ ಮೇನ್ ಆಫ್ ಮಾಡಿ. ಮೂರು ಫೇಸ್ ಬರುವ ಕಡೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕಡಿದರೆ ಒಂದು ಕಡೆ ವೋಲ್ಟೇಜ್ 230 ಬಿಟ್ಟು 400ರ ಹತ್ತಿರ ಹೋಗಬಹುದು, ಇನ್ನೊಂದು ಕಡೆ ಬಲ್ಬ್ ಮಂಕಾಗುತ್ತೆ. ಟಿವಿ, ಫ್ರಿಜ್, ಯುಪಿಎಸ್ ಎಲ್ಲ ಒಂದೇ ನಿಮಿಷದಲ್ಲಿ ಸುಟ್ಟು ಕೂರುತ್ತವೆ. ಒಂದೇ ಬೀದಿಯ ಆರೇಳು ಮನೆಯವರು ಒಂದೇ ಬೆಳಿಗ್ಗೆ ಸುಟ್ಟ ಚಾರ್ಜರ್ ಹಿಡಿದು ನನ್ನ ಅಂಗಡಿಗೆ ಬಂದಿದ್ದಾರೆ. ಪಕ್ಕದವರಿಗೂ ಹಾಗೇ ಆಗಿದ್ದರೆ 1912.

ಎಂಸಿಬಿ ಪದೇ ಪದೇ ಬೀಳ್ತಿದೆ. ದೊಡ್ಡದು ಹಾಕಿಸಿದ್ರೆ ಸರಿಹೋಗುತ್ತಾ?

ಬೀಳುವುದು ನಿಲ್ಲುತ್ತೆ. ಅದರ ಬದಲು ಗೋಡೆಯೊಳಗಿನ ವೈರ್ ಸುಡುತ್ತೆ. ಎಂಸಿಬಿ ಇರುವುದು ವೈರ್ ಕಾಯುವುದಕ್ಕೆ. 2.5 ಸ್ಕ್ವೇರ್ ಎಂಎಂ ದಪ್ಪದ ವೈರ್‌ಗೆ 16 ಆಂಪ್ಸ್ ಎಂಸಿಬಿ ಇದ್ದದ್ದನ್ನು ತೆಗೆದು 32 ಹಾಕಿಕೊಟ್ಟು ಹೋದವರ ಮನೆಯ ಸುಟ್ಟ ವೈರ್ ನಾನು ಕೈಯಾರೆ ಎಳೆದಿದ್ದೇನೆ. ಪೈಪಿನೊಳಗೆ ಅಂಟಿಕೊಂಡು ಬರಲೇ ಇಲ್ಲ. ಕೊನೆಗೆ ಗೋಡೆ ಒಡೆದೆವು.

ಹೇಗೆ ಬೀಳುತ್ತೆ ಅನ್ನುವುದನ್ನು ಗಮನಿಸಿ. ಮೇಲೆತ್ತಿದ ತಕ್ಷಣ ಟಪ್ ಅಂತ ಬಿದ್ದರೆ ಶಾರ್ಟ್. ಹತ್ತು ಹದಿನೈದು ನಿಮಿಷ ಬಿಟ್ಟು ಬಿದ್ದರೆ ಲೋಡ್ ಜಾಸ್ತಿ: ಗೀಸರ್, ಇಸ್ತ್ರಿಪೆಟ್ಟಿಗೆ, ಓವನ್ ಒಂದೇ ಲೈನಿನಲ್ಲಿರಬಹುದು. ಬಿದ್ದದ್ದು ಎಂಸಿಬಿ ಅಲ್ಲ, ಟೆಸ್ಟ್ ಅಂತ ಬಟನ್ ಇರುವ ಅಗಲದ್ದು ಅಂದರೆ ಅದು ಆರ್‌ಸಿಸಿಬಿ. ಎಲ್ಲೋ ಕರೆಂಟ್ ಭೂಮಿಗೆ ಸೋರುತ್ತಿದೆ ಅಂತ ಅರ್ಥ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪ್ಸ್‌ದು. ಅಷ್ಟು ಚಿಕ್ಕ ಸೋರಿಕೆಗೂ ಬೀಳುತ್ತೆ. ಬೀಳಲಿ, ಜೀವ ಉಳಿಸುವುದು ಅದೇ.

ಎಲೆಕ್ಟ್ರಿಷಿಯನ್ ಬರುವ ಮೊದಲು ನೀವೊಂದು ಕೆಲಸ ಮಾಡಬಹುದು. ಪ್ಲಗ್‌ಗಳನ್ನೆಲ್ಲ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು, ಯಾಕಂದ್ರೆ ನ್ಯೂಟ್ರಲ್ ಕಡೆಯಿಂದಲೂ ಸೋರಬಹುದು. ಎಲ್ಲ ಎಂಸಿಬಿ ಕೆಳಗಿಳಿಸಿ ಆರ್‌ಸಿಸಿಬಿ ಮೇಲೆತ್ತಿ. ಆಮೇಲೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತು ಅಂತ ಚೀಟಿಯಲ್ಲಿ ಬರೆದಿಡಿ. ಆ ಒಂದು ಚೀಟಿ ಬಂದವರ ಅರ್ಧ ಗಂಟೆ ಉಳಿಸುತ್ತೆ.

ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ "ಈಗ ಬೀಳಲ್ಲ ನೋಡಿ" ಅನ್ನುವವರೂ ಇದ್ದಾರೆ. ಅಂಥವರನ್ನು ಇನ್ನೊಂದು ಸಲ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಗೀಸರ್ ಪ್ಲಗ್ ಮತ್ತೆ ಮತ್ತೆ ಕರಗುತ್ತೆ. ಕಳಪೆ ಮಾಲಾ?

ಕಳೆದ ಚಳಿಗಾಲದಲ್ಲಿ ಒಬ್ಬರು ಹಿರಿಯರು ಪೇಪರಿನಲ್ಲಿ ಸುತ್ತಿ ಒಂದು ಪ್ಲಗ್ ಟಾಪ್ ತಂದರು. ಒಂದು ಪಿನ್ನಿನ ಸುತ್ತ ಮಾತ್ರ ಕಂದು ಬಣ್ಣ. ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಉಳಿದೆರಡು ಪಿನ್ ಹೊಸದರಂತೆ ಹೊಳೆಯುತ್ತಿದ್ದವು. ಆರು ತಿಂಗಳಲ್ಲಿ ಅವರು ಬದಲಾಯಿಸಿದ ಮೂರನೇ ಪ್ಲಗ್ ಅದು. "ಸಾಕೆಟ್ ಬದಲಾಯಿಸಿದ್ರಾ?" ಅಂದೆ. ಇಲ್ಲವಂತೆ.

ತೊಂದರೆ ಅಲ್ಲೇ ಇತ್ತು. 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ಸ್ ಎಳೆಯುತ್ತೆ. 16 ಆಂಪ್ಸ್ ಸಾಕೆಟ್‌ಗೆ ಅದೇನೂ ದೊಡ್ಡದಲ್ಲ. ಆದರೆ ಸಾಕೆಟ್ಟಿನೊಳಗಿನ ಹಿತ್ತಾಳೆ ಹಿಡಿತ ಸಡಿಲವಾಗಿದ್ದರೆ, ಇಲ್ಲವೇ ಹಿಂದಿನ ಸ್ಕ್ರೂ ಬಿಗಿ ಇಲ್ಲದಿದ್ದರೆ, ಆ ಒಂದು ಬಿಂದುವಿನಲ್ಲಿ ಬಿಸಿ ಕೂರುತ್ತೆ. ಹೊಸ ಪ್ಲಗ್ ಹಾಕಿದರೆ ಅದೂ ಕರಗುತ್ತೆ. ಸಾಕೆಟ್, ಪ್ಲಗ್ ಎರಡೂ ಒಟ್ಟಿಗೆ ಬದಲಾಗಬೇಕು. ಸುಟ್ಟು ಕಪ್ಪಾದ ವೈರ್ ತುದಿ ಕತ್ತರಿಸಿ, ಹೊಸ ತಾಮ್ರ ತೆಗೆದು ಬಿಗಿಯಬೇಕು. ಮನೆ ಕರೆಂಟಿನ ರಿಪೇರಿಯಲ್ಲಿ ನಾನು ನೋಡಿದ ಮುಕ್ಕಾಲು ಪಾಲು ಗೋಳು ಸಡಿಲವಾದ ಒಂದು ಸ್ಕ್ರೂನದು. 6 ಆಂಪ್ಸ್ ಸಾಕೆಟ್‌ಗೆ ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಗೀಸರ್ ಹಾಕುವವರಿಗೆ ಮಾತ್ರ ಸ್ಕ್ರೂ ಬಿಗಿದೂ ಪ್ರಯೋಜನವಿಲ್ಲ.

ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ, ಏನ್ ಮಾಡಬೇಕು?

ಮೊದಲು ಮೇನ್ ಆಫ್, ಗೀಸರ್ ಕೂಡ ಆಫ್ ಮಾಡಿ, ಇವತ್ತೇ ತೋರಿಸಿ. ಗೀಸರ್ ಕಾಯಿಲ್ ಲೀಕ್ ಆಗಿರಬಹುದು. ಆದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅರ್ಥಿಂಗ್ ಸರಿಯಿದ್ದರೆ ಅದು ನಿಮ್ಮ ಕೈವರೆಗೆ ಬರಬಾರದಿತ್ತು. ಹಾಗಾಗಿ ಗೀಸರ್ ಬದಲಾಯಿಸಿ ಸುಮ್ಮನಾಗಬೇಡಿ, ಅರ್ಥಿಂಗ್ ನೋಡಿಸಿ. ಕಾಂಪೌಂಡ್ ಮೂಲೆಯಲ್ಲಿ ಪೈಪ್ ಹೂತು, ಇದ್ದಿಲು ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಬೇಸಿಗೆಯಲ್ಲಿ ಒಣಗುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕೂ ಎರಡು ಬಕೆಟ್ ನೀರು ಹಾಕಿ. ತುಳಸಿ ಗಿಡಕ್ಕೆ ಹಾಕುವಾಗ ಹಾಗೇ ಆ ಕಡೆಗೂ ಹೋಗಿಬನ್ನಿ. ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಆ ಗುಂಡಿ ಮುಚ್ಚಿಹೋದ ಮನೆಗಳು ಬೇಕಾದಷ್ಟಿವೆ. ನಿಮ್ಮದು ಎಲ್ಲಿದೆ ಅಂತ ಒಮ್ಮೆ ಹುಡುಕಿ.

ಫೋನಿನಲ್ಲಿ ಏನು ಹೇಳಬೇಕು?

"ಕರೆಂಟ್ ಪ್ರಾಬ್ಲಂ, ಬೇಗ ಬನ್ನಿ" ಅಂದರೆ ಅವರು ಏನು ಹಿಡಿದು ಬರಬೇಕು? ಎಷ್ಟನೇ ಮಹಡಿ, ಯಾವ ರೂಮು, ಏನು ಕೆಟ್ಟಿದೆ, ವಾಸನೆ ಬಂತಾ, ಯುಪಿಎಸ್ ಇದೆಯಾ, ಏಣಿ ಇದೆಯಾ ಹೇಳಿ. ಬೋರ್ಡಿನದೂ, ಎಂಸಿಬಿಗಳೆಲ್ಲ ಇರುವ ಡಿಬಿ ಬಾಕ್ಸಿನದೂ ಒಂದೊಂದು ಫೋಟೋ ವಾಟ್ಸಾಪ್ ಮಾಡಿ. ಏಣಿ ಇಲ್ಲ ಅನ್ನುವುದನ್ನು ಜನ ಯಾವಾಗಲೂ ಕೊನೆಗೆ ಹೇಳುತ್ತಾರೆ.

ಎಷ್ಟು ದುಡ್ಡು ಕೊಡಬೇಕು?

ನಮ್ಮ ಏರಿಯಾದಲ್ಲಿ ಬಂದು ನೋಡುವುದಕ್ಕೇ 200, 300 ರೂಪಾಯಿ ನಡೆಯುತ್ತಿದೆ. ಕೆಲಸ ಮಾಡಿಸಿದರೆ ಕೆಲವರು ಅದನ್ನು ಒಟ್ಟು ಮೊತ್ತದಲ್ಲಿ ಬಿಡುತ್ತಾರೆ. ದೊಡ್ಡ ಊರಲ್ಲಿ, ರಾತ್ರಿಯಲ್ಲಿ, ಭಾನುವಾರ ಜಾಸ್ತಿ. ಹೊಸ ವೈರಿಂಗ್ ಆದರೆ ಪಾಯಿಂಟ್ ಲೆಕ್ಕ. ಪಾಯಿಂಟ್ ಅಂದರೆ ಅವರ ಪ್ರಕಾರ ಏನು ಅಂತ ಮೊದಲೇ ಕೇಳಿ: ಒಂದು ಲೈಟು ಒಂದು ಪಾಯಿಂಟ್ ಸರಿ, ಬೋರ್ಡಿನಲ್ಲಿರುವ ಪ್ಲಗ್ಗು? ಡಿಬಿ? ಗೋಡೆ ಕೊರೆದು ಮುಚ್ಚುವುದು ಯಾರ ಲೆಕ್ಕ? ಜಗಳವೆಲ್ಲ ಇಲ್ಲೇ.

ಐವತ್ತು ರೂಪಾಯಿಯ ಕಂಡೆನ್ಸರ್ ಹಾಕಿ ಮುನ್ನೂರು ತಗೊಂಡ್ರು ಅಂತ ಬಂದು ದೂರುತ್ತಾರೆ. ಕೆಟ್ಟಿದ್ದು ಕಂಡೆನ್ಸರೇ ಅಂತ ಎರಡು ನಿಮಿಷದಲ್ಲಿ ಹೇಳುವುದಕ್ಕೆ ಅವನು ಎಷ್ಟು ವರ್ಷ ತಗೊಂಡ ಅನ್ನೋದನ್ನೂ ಲೆಕ್ಕಕ್ಕಿಡಿ. ಈ ಮಾತಲ್ಲಿ ನಾನು ಕೆಲಸದವರ ಪಕ್ಷ.

ಸಾಮಾನು ನಾವೇ ತರಬೇಕಾ, ಅವರೇ ತರಲಾ?

ಅಂಗಡಿಯವನನ್ನು ಕೇಳಬಾರದ ಪ್ರಶ್ನೆ! ಆದರೂ ಹೇಳುತ್ತೇನೆ. ದೊಡ್ಡ ಕೆಲಸವಾದರೆ ಅವರಿಂದ ಪಟ್ಟಿ ಬರೆಸಿಕೊಂಡು ನೀವೇ ಹೋಗಿ ಬಿಲ್ ಸಮೇತ ತನ್ನಿ. ಪಟ್ಟಿಯಲ್ಲಿ ಅಳತೆಯೂ ಇರಲಿ. ಲೈಟಿಗೆ 1 ಅಥವಾ 1.5, ಪವರ್ ಪ್ಲಗ್‌ಗೆ 2.5, ಎಸಿಗೆ ನಾನು 4 ಸ್ಕ್ವೇರ್ ಎಂಎಂ ಹೇಳುತ್ತೇನೆ. ವೈರ್ ಕಾಯಿಲ್ ಸಾಮಾನ್ಯವಾಗಿ 90 ಮೀಟರ್. ಐಎಸ್‌ಐ ಗುರುತು, ಉದ್ದ, ಅಳತೆ ಮೂರನ್ನೂ ಓದಿ ನೋಡಿ. ಚಿಕ್ಕಪುಟ್ಟದಾದರೆ ಅವರೇ ತರಲಿ. ಕೆಲವು ಅಂಗಡಿಗಳು ಎಲೆಕ್ಟ್ರಿಷಿಯನ್‌ಗೆ ಕಮಿಷನ್ ಕೊಡುತ್ತವೆ, ಅದು ಗುಟ್ಟೇನಲ್ಲ. ಬದಲಾಯಿಸಿದ ಹಳೇ ಸಾಮಾನು ಮಾತ್ರ ಕೇಳಿ ಇಸ್ಕೊಳ್ಳಿ.

ಮನೇಲಿ ಯುಪಿಎಸ್ ಇದೆ. ಮೇನ್ ಆಫ್ ಮಾಡಿದ್ರೆ ಸಾಕಲ್ವಾ?

ಸಾಲದು. ಮೇನ್ ಆಫ್ ಮಾಡಿದ ಮೇಲೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಇರುತ್ತೆ, ಅದೂ 230 ವೋಲ್ಟೇ. ಯುಪಿಎಸ್ ಆಫ್ ಮಾಡಿ, ಅದರ ಔಟ್‌ಪುಟ್ ಕೂಡ ತೆಗೆದ ಮೇಲೇ ಬೋರ್ಡ್ ಬಿಚ್ಚಬೇಕು. ಬಂದವರಿಗೆ ಬಾಗಿಲಲ್ಲೇ ಹೇಳಿ. ಯುಪಿಎಸ್ ಅಟ್ಟದ ಮೇಲೆ ಕಾಣದ ಹಾಗೆ ಕೂತಿರುತ್ತೆ, ನಿಮಗೂ ಅದು ಮರೆತಿರುತ್ತೆ. ನನಗೆ ಜೀವಮಾನದಲ್ಲಿ ಜೋರಾಗಿ ಶಾಕ್ ಹೊಡೆದದ್ದು ಹೀಗೇ.

ಚಿಕ್ಕ ಕೆಲಸ ನಾವೇ ಮಾಡಿಕೊಳ್ಳಬಹುದಾ?

ಬಲ್ಬ್ ಬದಲಾಯಿಸಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ. ಫ್ಯಾನ್ ಕಂಡೆನ್ಸರ್ ಬದಲಾಯಿಸುವುದು ಸುಲಭ, ಹಳೇದರ ಮೇಲೆ 2.5 ಅಥವಾ 3.15 ಎಂಎಫ್‌ಡಿ ಅಂತ ಬರೆದಿರುತ್ತೆ, ಅದೇ ತಗೊಳ್ಳಿ. ಆದರೆ ಸ್ಟೂಲ್ ಮೇಲೆ ಸ್ಟೂಲ್ ಇಟ್ಟು ಹತ್ತುವುದಾದರೆ ಬೇಡ. ಹೊಸ ರಿಮೋಟ್ ಫ್ಯಾನ್, ಅಂದರೆ ಬಿಎಲ್‌ಡಿಸಿ, ಅದರಲ್ಲಿ ಈ ಕಂಡೆನ್ಸರ್ ಕಥೆಯೇ ಬೇರೆ. ಅದರೊಳಗೆ ಸರ್ಕ್ಯೂಟ್ ಬೋರ್ಡ್ ಇರುತ್ತೆ, ಕಂಪನಿಯವರಿಗೇ ಬಿಡಿ. ಡಿಬಿ ಬಾಕ್ಸ್ ಮುಚ್ಚಳ ನೀವು ಬಿಚ್ಚಬೇಡಿ.

ಅಗ್ರಹಾರದ ಹಳೇ ಮನೆ, ಮರದ ಪಟ್ಟಿ ಮೇಲೆ ವೈರಿಂಗ್. ಪೂರ್ತಿ ಬದಲಾಯಿಸಬೇಕಾ?

ವೈರ್ ಬಗ್ಗಿಸಿದಾಗ ಮೇಲಿನ ರಬ್ಬರ್ ಪುಡಿಪುಡಿಯಾಗಿ ಉದುರಿದರೆ ಬದಲಾಯಿಸಬೇಕು. ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸಿಗೆ ಫ್ಯೂಸ್ ವೈರ್ ಬದಲು ದಪ್ಪ ತಾಮ್ರದ ಎಳೆ ಕಟ್ಟಿದ್ದರೆ ಇವತ್ತೇ ತೆಗೆಸಿ. ಒಟ್ಟಿಗೆ ದುಡ್ಡಿಲ್ಲದಿದ್ದರೆ ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಅಡುಗೆಮನೆ, ಬಾತ್‌ರೂಮ್ ಲೈನ್. ಹಾಲ್‌ನ ಲೈಟು ಮುಂದಿನ ವರ್ಷ ನೋಡಿಕೊಳ್ಳೋಣ.

ಬಾಡಿಗೆ ಮನೆಯಾದ್ರೆ ಖರ್ಚು ಯಾರದು?

ಕರಾರು ಪತ್ರ ನೋಡಿ. ಸಾಮಾನ್ಯವಾಗಿ ಬಲ್ಬು ನಿಮ್ಮದು, ಗೋಡೆಯೊಳಗಿನದು ಓನರ್‌ದು. ಕೆಲಸಕ್ಕೆ ಮೊದಲೇ ಅವರಿಗೊಂದು ಮೆಸೇಜ್ ಹಾಕಿ.

ಯೂನಿಟ್ ಇದ್ದಕ್ಕಿದ್ದ ಹಾಗೆ ಏರಿದೆ. ಮೀಟರ್ ತಪ್ಪಾ?

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು, ಹಾಗಾಗಿ 195, 205ರ ನಡುವೆ ಜನರಿಗೆ ನಿದ್ದೆ ಬರುವುದಿಲ್ಲ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಫ್ರಿಜ್, ಯುಪಿಎಸ್ ಪ್ಲಗ್ ಕಿತ್ತು, ಮೀಟರ್ ಮುಂದೆ ಎರಡು ನಿಮಿಷ ನಿಲ್ಲಿ. ಕೆಂಪು ಲೈಟು ಮಿನುಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲಾ ನಿಮ್ಮ ಲೈನ್‌ನಿಂದ ಬೇರೆ ಯಾರೋ ಎಳೆಯುತ್ತಿದ್ದಾರೆ. ಮಿನುಗದಿದ್ದರೆ ಖರ್ಚಾಗುತ್ತಿರುವುದು ಮನೆಯೊಳಗೇ. ಮೊದಲ ಅನುಮಾನ ಸಂಪ್ ಮೋಟರ್ ಮೇಲೆ, ಎರಡನೆಯದು ಆಫ್ ಮಾಡಲು ಮರೆತ ಗೀಸರ್ ಮೇಲೆ.

ಹಬ್ಬದ ಸಮಯದಲ್ಲಿ ಯಾರೂ ಸಿಗಲ್ವಲ್ಲ?

ಆಯುಧಪೂಜೆ ದಿನ ನನ್ನನ್ನೂ ಕೇಳಬೇಡಿ. ಟೆಸ್ಟರ್, ಡ್ರಿಲ್ಲಿಂಗ್ ಮಷೀನ್ ಎಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿರುತ್ತವೆ, ಮಾರನೇ ದಿನದ ತನಕ ಯಾರೂ ಮುಟ್ಟುವುದಿಲ್ಲ. ದಸರಾ ಮುಂಚಿನ ಎರಡು ವಾರ ಇಲ್ಲಿ ಅರ್ಧ ಹುಡುಗರು ಲೈಟಿಂಗ್ ಕೆಲಸಕ್ಕೆ ಹೋಗಿರುತ್ತಾರೆ. ಗೃಹಪ್ರವೇಶ, ಮದುವೆ ಏನಾದರೂ ಇದ್ದರೆ ಒಂದು ತಿಂಗಳು ಮುಂಚೆ ಹೇಳಿಡಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡ್ರೆ?

ಮುಟ್ಟಬೇಡಿ. ಮೇನ್ ಆಫ್ ಮಾಡಿ. ಮೇನ್ ದೂರವಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಅವರನ್ನು ತಳ್ಳಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡುತ್ತಲೇ ಎದೆಯ ಮಧ್ಯೆ ಜೋರಾಗಿ, ಬೇಗಬೇಗ ಒತ್ತುತ್ತಿರಿ, ಅವರು ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಡಾಕ್ಟರಿಗೆ ತೋರಿಸಿ. ಬೀದಿಯಲ್ಲಿ ಕಡಿದುಬಿದ್ದ ತಂತಿಯಾದರೆ ಕೋಲೂ ಬೇಡ. ದೂರ ನಿಂತು, ಬೇರೆಯವರನ್ನೂ ತಡೆದು, 1912ಕ್ಕೆ ಹೇಳಿ.

ಕೆಲಸ ಮುಗೀತು ಅಂದಮೇಲೆ ನಾವೇನು ನೋಡಬೇಕು?

ದುಡ್ಡು ಕೊಡುವ ಮೊದಲು ಕೆಟ್ಟಿದ್ದ ವಸ್ತುವನ್ನು ಹತ್ತು ನಿಮಿಷ ಓಡಿಸಿ. ಗೀಸರ್ ಆಗಿದ್ದರೆ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ, ಬಿಸಿ ಇರಬಾರದು. ಆರ್‌ಸಿಸಿಬಿ ಬಟನ್ ಅವರ ಕೈಯಲ್ಲೇ ಒತ್ತಿಸಿ. ಡಿಬಿ ಬಾಕ್ಸಿನಲ್ಲಿ ಯಾವ ಎಂಸಿಬಿ ಯಾವ ರೂಮಿನದು ಅಂತ ಮಾರ್ಕರ್‌ನಲ್ಲಿ ಬರೆಸಿ. ಕನ್ನಡದಲ್ಲೇ ಬರೆಸಿ, ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾಗ ಓದಬೇಕಾದವರು ಅವರೇ ತಾನೇ? ಅದರ ಕೆಳಗೆ ಆ ಎಲೆಕ್ಟ್ರಿಷಿಯನ್ ನಂಬರ್ ಮತ್ತು 1912, ಸ್ವಲ್ಪ ದೊಡ್ಡ ಅಕ್ಷರದಲ್ಲಿ.